ಎಂಬತ್ತೆರಡು ಕೆಜಿಯ ಬಡಗಿ

ಆ ಬೀದಿಯಲ್ಲಿ ಬಡಗಿಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಎಂಬತ್ತೆರಡು. ಬಟ್ಟೆ ಕಪಾಟು ಮಾಡಿಸಬೇಕಿತ್ತು ಎಂದು ಯಾರಾದರೂ ವಿಚಾರಿಸಿದರೆ, "ಎಂಬತ್ತೆರಡರ ಹತ್ರ ಹೋಗಿ, ಕಣ್ಮುಚ್ಚಿ ಕೆಲಸ ಒಪ್ಪಿಸಿ" ಎನ್ನುತ್ತಿದ್ದರು. ಹೊಸಬರು ಅದನ್ನು ಮನೆ ನಂಬರು ಎಂದುಕೊಂಡು ಬೀದಿಯ ಕೊನೆಯವರೆಗೂ ಹುಡುಕಿಕೊಂಡು ಹೋಗಿ ಪೆಚ್ಚಾಗಿ ವಾಪಸು ಬಂದದ್ದೂ ಉಂಟು.

ಅದು ಅವನ ತೂಕ. ಇಪ್ಪತ್ತೆರಡು ವರ್ಷದ ಹಿಂದೆ ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬ ಅವನಿಂದ ಕಪಾಟು ಮಾಡಿಸಿದ್ದ. ಸಂಶಯದ ಪ್ರಾಣಿ. ಹಲಗೆಯನ್ನು ಮುಟ್ಟಿ ನೋಡಿದ, ತಟ್ಟಿ ನೋಡಿದ, ಸಾಲದ್ದಕ್ಕೆ ಮೂಸಿಯೂ ನೋಡಿದ. ಕೊನೆಗೆ, "ಇದು ಎಷ್ಟು ಭಾರ ತಡೆಯುತ್ತೆ ಅಂತ ಬರೆದುಕೊಡಿ" ಎಂದ. ಬಡಗಿಗೆ ಪಿತ್ತ ನೆತ್ತಿಗೇರಿತು. ಪಕ್ಕದ ಗೋದಾಮಿಗೆ ಹೋಗಿ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತ. ಮುಳ್ಳು ಎಂಬತ್ತೆರಡಕ್ಕೆ ಬಂದು ನಿಂತಿತು. ಇಳಿದು ಬಂದವನೇ ಕಪಾಟಿನ ನಡುವಿನ ಅಡ್ಡಹಲಗೆಯ ಮೇಲೆ ಕೂತು, ಕಾಲು ಇಳಿಬಿಟ್ಟು, ಒಂದು ಲೋಟ ಚಹಾ ತರಿಸಿ ಕೊನೆಯ ಗುಟುಕಿನವರೆಗೂ ಸಾವಕಾಶವಾಗಿ ಕುಡಿದ. ಹಲಗೆ ಕಿರ್ರೆನ್ನಲಿಲ್ಲ. "ಎಂಬತ್ತೆರಡು ಕೆಜಿ, ಒಂದು ಲೋಟ ಚಹಾ. ನೀವೇ ಬರೆದುಕೊಳ್ಳಿ" ಎಂದ.

ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಇವನು ಕೂತೇ ಹೆಸರು ಗಳಿಸಿದ. ಅವತ್ತಿನಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಕಪಾಟು ಒಪ್ಪಿಸುವ ದಿನ ಮನೆಯವರು ಚಹಾಕ್ಕಿಟ್ಟುಕೊಂಡು ಕಾಯುವರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಹಲಗೆಯ ಅಂಚಿಗೆ ಸರಿಯಾಗಿ ಈ ತುದಿಯಿಂದ ಆ ತುದಿಗೆ ಬಿಳಿ ದಾರ ಬಿಗಿದು, ನಟ್ಟನಡುವೆ ಕೂರುವನು. ಲೋಟ ಖಾಲಿಯಾದ ಮೇಲೆ ಮನೆಯವರೇ ಬಗ್ಗಿ ನೋಡಬೇಕು. ಅಂಚು ದಾರದಿಂದ ಒಂದು ಉಗುರಿನಷ್ಟು ಕೆಳಗಿಳಿದಿದ್ದರೂ ಆ ಹಲಗೆ ನಾಪಾಸು. ಕಿತ್ತು, ಇನ್ನೂ ದಪ್ಪದ್ದನ್ನು ತಂದು ಹಾಕುವನು.

ಹಲಗೆ ಆರಿಸುವುದರಲ್ಲಿ ಅವನಿಗೆ ಅವನದೇ ಶಾಸ್ತ್ರವಿತ್ತು. ಮರದ ಎಳೆ ಹಲಗೆಯ ಉದ್ದಕ್ಕೆ ಓಡಬೇಕು, ಅಡ್ಡಕ್ಕೆ ಓಡಿದರೆ ಅದು ಹಲಗೆಯಲ್ಲ, ಹಪ್ಪಳ. ಹಲಗೆಯ ಉದ್ದ ಎರಡೂವರೆ ಅಡಿ ದಾಟಿದರೆ ನಡುವೆ ಆಸರೆಗೆ ನೆಟ್ಟಗೆ ಒಂದು ಊರೆಹಲಗೆ ನಿಲ್ಲಿಸಲೇಬೇಕು. ಹಿಂದುಗಡೆ ಉದ್ದಕ್ಕೆ ಪಟ್ಟಿ ಹೊಡೆಯಬೇಕು. ಭಾರ ಕೆಳಗೆ, ಹಗುರ ಮೇಲೆ. ಇಷ್ಟೆಲ್ಲ ಮಾಡಿಯೂ ಗಿರಾಕಿಯ ಮಾತನ್ನು ಮಾತ್ರ ನಂಬಬಾರದು.

"ಏನಿಡ್ತೀರಿ ಅಂತ ಕೇಳಿದ್ರೆ ಬಟ್ಟೆ ಅಂತಾರೆ" ಎಂದು ಅವನು ಚಹಾ ಕುಡಿಯುತ್ತ ಹೇಳುತ್ತಿದ್ದ. "ಆರು ತಿಂಗಳು ಬಿಟ್ಟು ನೋಡಿದ್ರೆ ಕೆಟ್ಟುಹೋದ ಮೋಟರು, ಹಳೇ ಪೇಪರ್ ಕಟ್ಟು, ಮೂರು ಸಂಸಾರಕ್ಕಾಗೋಷ್ಟು ಪಾತ್ರೆ. ಜನ ಕಪಾಟಿಗೆ ಸುಳ್ಳು ಹೇಳ್ತಾರೆ. ಕಪಾಟು ತಿರುಗಿ ಸುಳ್ಳು ಹೇಳಲ್ಲ. ಬೀಳುತ್ತೆ, ಅಷ್ಟೇ."

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಕೆಲಸದ ಶೆಡ್ಡಿನ ಹಿಂದಿನ ಒಂದೇ ಕೋಣೆಯಲ್ಲಿ ಅವನ ವಾಸ. ತನ್ನವರು ಎಂದರೆ ಎರಡು ಬೀದಿಯಾಚೆ ಇದ್ದ ಅಕ್ಕ ಒಬ್ಬಳೇ. ಅಕ್ಕ ಎಂದರೆ ಅವನ ಪಾಲಿಗೆ ಹಡೆಯದ ತಾಯಿ. ಇವನಿಗೆ ಒಂಬತ್ತು, ಅವಳಿಗೆ ಹದಿನಾರು ಇದ್ದಾಗ ಅಪ್ಪ ಹೋದ. ಅಪ್ಪ ಸರಕು ಹೊರುವ ಕೆಲಸದವನು, ಆಳೆಂದರೆ ಆಳು, ಬಾಗಿಲಲ್ಲಿ ನಿಂತರೆ ಬೆಳಕು ಮರೆಯಾಗುತ್ತಿತ್ತು. ಒಂದೇ ವರ್ಷದಲ್ಲಿ ಕರಗಿಹೋದ. ಪ್ಯಾಂಟು ಜಾರಿದಾಗಲೆಲ್ಲ ಅಕ್ಕ ಒಲೆಯಲ್ಲಿ ಮೊಳೆ ಕಾಯಿಸಿ ಅಪ್ಪನ ಬೆಲ್ಟಿಗೆ ಹೊಸ ತೂತು ಹಾಕಿಕೊಡುತ್ತಿದ್ದಳು. ಒಂದು, ಎರಡು, ಮೂರು. ಐದನೆಯ ತೂತು ಹಾಕಿದ ವಾರವೇ ಅಪ್ಪ ತೀರಿಕೊಂಡ. ಬೆಲ್ಟು ಬಾಗಿಲ ಹಿಂದಿನ ಮೊಳೆಗೆ ಎಷ್ಟೋ ವರ್ಷ ನೇತಾಡಿತು. ಎಸೆಯಲು ಇಬ್ಬರಿಗೂ ಕೈ ಬರಲಿಲ್ಲ.

ಆಮೇಲೆ ಅಕ್ಕ ಹೊಲಿಗೆ ಯಂತ್ರ ರಿಪೇರಿ ಕಲಿತು ತಮ್ಮನನ್ನು ಸಾಕಿದಳು. ಈಗ ಅರವತ್ತಮೂರಾದರೂ ಅದೇ ಕೆಲಸ. ಕಣ್ಣಿಗೆ ದಪ್ಪ ಕನ್ನಡಕ, ಅದರ ಮೇಲೊಂದು ಭೂತಗಾಜು. ಸೂಜಿಯ ಕಣ್ಣು ಆನೆಯಷ್ಟು ಕಾಣುತ್ತಿತ್ತು, ಎದುರಿಗೆ ನಿಂತವರು ಮಬ್ಬು ಮಬ್ಬು. ಅಕ್ಕನ ಮಗಳು ಗಿರಣಿ ಕೆಲಸಕ್ಕೆ ಹೋಗುವಾಗ ನಾಲ್ಕು ವರ್ಷದ ಮೊಮ್ಮಗಳನ್ನು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಬಡಗಿಗೆ ಆ ಮಗು ಎಂದರೆ ಪ್ರಾಣ. ಅದು "ಅಜ್ಜ" ಎಂದರೆ ಉಳಿ ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು.

ಕಳೆದ ಒಂದು ವರ್ಷದಿಂದ ಬಡಗಿ ಹಲಗೆ ಅಂಗಡಿಯಲ್ಲಿ ವಿಚಿತ್ರ ಮಾತು ಆಡತೊಡಗಿದ್ದ.

"ಈಗೀಗ ಬರ್ತಿರೋ ಪ್ಲೈವುಡ್ ಬಲು ಗಟ್ಟಿ" ಎನ್ನುತ್ತಿದ್ದ. "ಮೊದಲು ದಪ್ಪದ್ದೇ ಬೇಕಾಗ್ತಿತ್ತು. ಈಗ ಮುಕ್ಕಾಲು ಇಂಚಿಂದು ಹಾಕಿದ್ರೂ ಕೂದಲೆಳೆಯಷ್ಟು ಬಗ್ಗಲ್ಲ."

"ಅದೇ ಕಂಪನಿ, ಅದೇ ಮಾಲು ಕಣಯ್ಯ" ಎಂದು ಅಂಗಡಿಯವನು ನಗುತ್ತಿದ್ದ.

"ನಿಂಗೆ ಮಾರೋದು ಗೊತ್ತು, ಕೂರೋದು ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಕೂತವನು ನಾನು."

ಹೀಗೆ ಇಂಚಿನ ಹಲಗೆ ಹೋಗಿ ಮುಕ್ಕಾಲು ಇಂಚಿನದು ಬಂತು. ಎರಡೂವರೆ ಅಡಿಗೆ ನಿಲ್ಲುತ್ತಿದ್ದ ಊರೆಹಲಗೆ ಮೂರಡಿಯಾದರೂ ಬೇಡವಾಯಿತು. ದಾರ ಕಟ್ಟಿ ಕೂತರೆ ಎಲ್ಲವೂ ಪಾಸು. ಅದೇ ವರ್ಷ ಅವನಿಗೆ ಊಟ ಸೇರುವುದು ಕಡಿಮೆಯಾಗಿತ್ತು. ಮರ ಎತ್ತುವಾಗ ಎದೆ ಏದುತ್ತಿತ್ತು. ಬೆಲ್ಟಿಗೆ ದಬ್ಬಣದಲ್ಲಿ ಒಂದು ತೂತು ಹಾಕಿಕೊಂಡ, ವಯಸ್ಸಾಯಿತಲ್ಲ ಎಂದುಕೊಂಡ. ಇನ್ನೊಂದು ಹಾಕಿಕೊಂಡ, ಬೆಲ್ಟಿನ ಚರ್ಮ ಹಿಗ್ಗಿದೆ ಎಂದುಕೊಂಡ. ಮೂರನೆಯದನ್ನು ಹಾಕುವಾಗ ಏನೂ ಅಂದುಕೊಳ್ಳಲಿಲ್ಲ. ಚಳಿಗೂ ಸೆಕೆಗೂ ಒಂದೇ ದಪ್ಪ ಅಂಗಿ ತೊಡತೊಡಗಿದ. ಅದಕ್ಕೆ ಎಂಟು ಜೇಬು, ಎಂಟರಲ್ಲೂ ಸಾಮಾನು. ಹೊರಗಿನಿಂದ ನೋಡಿದರೆ ಅದೇ ಹಳೆಯ ಎಂಬತ್ತೆರಡು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುವ ಮಾತು ಸುಳ್ಳು. ಅಂಗೈಯನ್ನೇ ಮುಷ್ಟಿ ಕಟ್ಟಿಕೊಂಡವನಿಗೆ ಹತ್ತು ಕನ್ನಡಿಯಿದ್ದರೂ ಅಷ್ಟೇ.

ಅಕ್ಕನಿಗೆ ಕಪಾಟು ಮಾಡಿಕೊಟ್ಟದ್ದು ಇದೇ ವರ್ಷ. ರಿಪೇರಿಗೆ ಬಂದ ಯಂತ್ರಗಳ ತಲೆಗಳನ್ನು, ಎಂದರೆ ಮೇಲಿನ ಕಬ್ಬಿಣದ ಭಾಗವನ್ನು, ಅವಳು ನೆಲದಲ್ಲಿ ಸಾಲಾಗಿ ಇಡುತ್ತಿದ್ದಳು. ಒಂದೊಂದೂ ಹನ್ನೆರಡು ಕೆಜಿ. "ಬಗ್ಗಿ ಎತ್ತಿ ಎತ್ತಿ ಸೊಂಟ ಹೋಯ್ತು ಪುಟ್ಟಾ, ಸೊಂಟದ ಎತ್ತರಕ್ಕೆ ಒಂದು ಹಲಗೆ ಮಾಡಿಕೊಡು" ಎಂದಳು. ಐವತ್ತಾರು ವರ್ಷದವನನ್ನು ಪುಟ್ಟಾ ಎನ್ನುವವಳು ಅವಳೊಬ್ಬಳೇ. ಭಾರ ಕೆಳಗೆ ಎಂಬ ತನ್ನ ಶಾಸ್ತ್ರವನ್ನು ಅವನು ಅಕ್ಕನ ಸೊಂಟಕ್ಕಾಗಿ ಮುರಿದ. ಕಪಾಟಿನ ಅಗಲ ನಾಲ್ಕಡಿ. ಹಲಗೆಯ ಕೆಳಗೆ ಊರೆ ನಿಲ್ಲಿಸಲು ಹೋದಾಗ ಮೊಮ್ಮಗಳು ಅಡ್ಡ ಬಂದು ಕೂತಳು. ಅಷ್ಟರಲ್ಲೇ ಕೆಳಗಿನ ಖಾಲಿ ಜಾಗ ಅವಳ ಮನೆಯಾಗಿತ್ತು. ಬೊಂಬೆ, ದಿಂಬು, ಒಂದು ತಟ್ಟೆ ಆಗಲೇ ಒಳಗೆ ಹೋಗಿದ್ದವು.

"ಗೋಡೆ ಬೇಡ ಅಜ್ಜ, ನನ್ನ ಮನೆ ಎರಡು ಆಗುತ್ತೆ."

"ಗೋಡೆ ಇಲ್ಲದ ಮನೆ ಬೀಳುತ್ತೆ ಕಂದಾ."

"ನೀನು ಕೂತು ನೋಡು. ಬಿದ್ರೆ ಗೋಡೆ ಇಡು."

ಅವನು ನಕ್ಕು ದಾರ ಕಟ್ಟಿ ಕೂತ. ಅಕ್ಕ ಚಹಾ ಕೊಟ್ಟಳು. ಮಗು ಕೆಳಗೆ ತೂರಿಕೊಂಡು ಅವನ ಕಾಲಿನ ಹೆಬ್ಬೆರಳನ್ನು ಗಂಟೆಯಂತೆ ಎಳೆಯುತ್ತಿತ್ತು. ಲೋಟ ಖಾಲಿಯಾಯಿತು. ಅಂಚು ದಾರಕ್ಕೆ ಅಂಟಿಕೊಂಡೇ ಇತ್ತು. ಪಾಸು. ಊರೆಹಲಗೆಯನ್ನು ಹೆಗಲ ಮೇಲೆ ಹಾಕಿಕೊಂಡು ಅವನು ಶೆಡ್ಡಿಗೆ ವಾಪಸು ತಂದ.

ಗೊತ್ತಾದದ್ದು ಪಾರ್ಸಲ್ ಆಫೀಸಿನಲ್ಲಿ. ಒಂದು ಸಣ್ಣ ಕಪಾಟನ್ನು ಬೇರೆ ಊರಿನ ಗಿರಾಕಿಗೆ ಕಳಿಸಬೇಕಿತ್ತು. ಗಾಡಿಯಿಂದ ಇಳಿಸಿ ತೂಕದ ಕಟ್ಟೆಯವರೆಗೆ ತರುವಷ್ಟರಲ್ಲಿ ಅವನ ಕಣ್ಣಿಗೆ ಕತ್ತಲೆ ಕವಿಯಿತು. ಗುಮಾಸ್ತ ಅಂಕಿ ನೋಡಿ, "ಇಪ್ಪತ್ತೆಂಟು" ಎಂದ.

"ಸಾಧ್ಯವೇ ಇಲ್ಲ" ಎಂದ ಬಡಗಿ. "ಏನಿಲ್ಲ ಅಂದ್ರೂ ನಲವತ್ತು ಇರುತ್ತೆ. ಎತ್ತಿದವನು ನಾನು. ನಿಮ್ಮ ಯಂತ್ರ ಕಮ್ಮಿ ತೋರಿಸ್ತಿದೆ."

ತೂಕ ಜಾಸ್ತಿಯಾಯಿತೆಂದು ಜಗಳ ಆಡುವವರನ್ನು ಗುಮಾಸ್ತ ದಿನವೂ ನೋಡುತ್ತಿದ್ದ. ಕಮ್ಮಿಯಾಯಿತೆಂದು ಆಡುವವನನ್ನು ಅವತ್ತೇ ಕಂಡದ್ದು. ತಮ್ಮ ಕಪಾಟಿನ ಮರ್ಯಾದೆ ಹೋಯಿತೇನೋ ಎಂದು ಚುಡಾಯಿಸಿದ. ಬಡಗಿ ಕಪಾಟನ್ನು ಪಕ್ಕಕ್ಕೆ ಸರಿಸಿ, ಭಾರದ ಅಂಗಿಯನ್ನು ಬಿಚ್ಚಿ ಬೆಂಚಿನ ಮೇಲೆಸೆದು, ತಾನೇ ಯಂತ್ರದ ಮೇಲೆ ಹತ್ತಿದ.

"ನನ್ನ ತೂಕ ಇಡೀ ಬೀದಿಗೆ ಗೊತ್ತು. ಎಂಬತ್ತೆರಡು. ಈಗ ನೋಡಿ ನಿಮ್ಮ ಯಂತ್ರದ ಯೋಗ್ಯತೆ."

ಗುಮಾಸ್ತ ನೋಡಿದ. ಮತ್ತೆ ನೋಡಿದ. "ಐವತ್ತನಾಲ್ಕು" ಎಂದ.

"ಹೇಳಲಿಲ್ವಾ, ಕೆಟ್ಟಿದೆ ಅಂತ."

ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಅವನು ಇನ್ನೂ ಏನೇನೋ ಅಂದ. ಗುಮಾಸ್ತ ಮಾತು ಬೆಳೆಸಲಿಲ್ಲ. ಮೂಲೆಯಲ್ಲಿದ್ದ ಸರ್ಕಾರದ ಮೊಹರಿನ ಇಪ್ಪತ್ತು ಕೆಜಿ ಕಲ್ಲನ್ನು ಎತ್ತಿ ತಂದು ಯಂತ್ರದ ಮೇಲಿಟ್ಟ. ಯಂತ್ರ ಇಪ್ಪತ್ತು ಎಂದಿತು, ಅತ್ತ ಇಲ್ಲ, ಇತ್ತ ಇಲ್ಲ. ಆಮೇಲೆ ಅವನ ಮುಖವನ್ನೂ ಅಂಗಿಯಿಲ್ಲದ ಭುಜವನ್ನೂ ನೋಡಿ, ಚುಡಾಯಿಸುವುದನ್ನು ಬಿಟ್ಟು, "ಒಂದ್ಸಲ ಡಾಕ್ಟರಿಗೆ ತೋರಿಸಿ ಯಜಮಾನ್ರೇ" ಎಂದು ಮೆತ್ತಗೆ ಹೇಳಿದ.

ಹೊರಗೆ ಬಂದ ಬಡಗಿಗೆ ಮೊದಲು ನೆನಪಾದದ್ದು ಅಪ್ಪ. ಎರಡನೆಯದು ನೆನಪಾಗುವುದಕ್ಕೆ ಬೀದಿಯ ತಿರುವಿನವರೆಗೆ ನಡೆಯಬೇಕಾಯಿತು. ಅಲ್ಲಿ ನಿಂತುಬಿಟ್ಟ. ಹಲಗೆ ಗಟ್ಟಿಯಾಗಿರಲಿಲ್ಲ. ಅದೇ ಕಂಪನಿ, ಅದೇ ಮಾಲು. ಒಂದು ವರ್ಷದಿಂದ ಅವನು ಮನೆಮನೆಯಲ್ಲಿ ಚಹಾ ಕುಡಿಯುತ್ತ ಪಾಸು ಮಾಡಿದ ಹಲಗೆಗಳ ಮೇಲೆ ಎಂಬತ್ತೆರಡು ಕೂತೇ ಇರಲಿಲ್ಲ.

ಅವತ್ತೇ ಶೆಡ್ಡಿನಲ್ಲಿ ಅಕ್ಕನ ಕಪಾಟಿನಂಥದೇ ಒಂದನ್ನು ನಿಲ್ಲಿಸಿದ. ಅದೇ ಮುಕ್ಕಾಲು ಇಂಚು, ಅದೇ ನಾಲ್ಕಡಿ, ನಡುವೆ ಊರೆಯಿಲ್ಲ. ಎಂಬತ್ತೆರಡು ಕೆಜಿ ಮರಳನ್ನು ತೂಗಿ ಚೀಲಗಳಲ್ಲಿ ತುಂಬಿ ಹಲಗೆಯ ಮೇಲೆ ಹೊರಿಸಿದ. ಒಂದೊಂದು ಚೀಲಕ್ಕೂ ಕೂತು ಸುಧಾರಿಸಿಕೊಳ್ಳಬೇಕಾಯಿತು. ಹಲಗೆ ಮೊದಲ ದಿನ ದಾರದಿಂದ ಉಗುರಿನಷ್ಟು ಇಳಿಯಿತು. ವಾರಕ್ಕೆ ಬೆರಳಿನಷ್ಟು. ಬೀಳಲಿಲ್ಲ. ಬೀಳಲಿಲ್ಲವಲ್ಲ ಎಂಬುದನ್ನೇ ಅವನು ಬೆಳಿಗ್ಗೆ ಎದ್ದು ನೋಡುವನು, ನೋಡಿ ಧೈರ್ಯ ತಂದುಕೊಳ್ಳುವನು.

ಗಿರಾಕಿಗಳ ಮನೆಗಳಿಗೆ ಹೋಗುವುದಕ್ಕೆ ಒಂದು ಉಪಾಯ ಮಾಡಿದ. ಬೀದಿಯ ಇಸ್ತ್ರಿಯವನು ತೊಂಬತ್ತು ಕೆಜಿಯ ಆಸಾಮಿ. ಕೂರು ಎಂದರೆ ಮಲಗುವವನು. ಅವನನ್ನು ಜೊತೆಗೆ ಕಟ್ಟಿಕೊಂಡು, ವರ್ಷಕ್ಕೊಮ್ಮೆ ಕಪಾಟು ತಪಾಸಣೆ ಎಂದು ಹೇಳಿ ಮನೆಯಿಂದ ಮನೆಗೆ ಹೋದ.

"ನೀನ್ಯಾಕೆ ಕೂರಲ್ಲ?" ಎಂದು ಇಸ್ತ್ರಿಯವನು ಕೇಳಿದ.

"ಮಂಡಿ ನೋವು. ಹತ್ತೋಕೆ ಆಗಲ್ಲ."

"ಚಹಾ ಮಾತ್ರ ನಂದೇ ತಾನೆ?"

"ನಿಂದೇ."

ಇಸ್ತ್ರಿಯವನು ಕೂತ ಮೊದಲ ಮನೆಯಲ್ಲೇ ಹಲಗೆ ನರಳಿತು. ಕೆಳಗೆ ಬಗ್ಗಿದ್ದ ಬಡಗಿಯ ಬೆನ್ನು ಒದ್ದೆಯಾಯಿತು. ಸದ್ದಿಲ್ಲದೆ ಊರೆ ನಿಲ್ಲಿಸಿ, ಹಿಂದೆ ಪಟ್ಟಿ ಹೊಡೆದು ಬಂದ. ಮೂರನೆಯ ಮನೆಯಲ್ಲಿ ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಆ ಹಲಗೆಯ ಕೆಳಗೆ ಒಬ್ಬ ಮುದುಕಿಯ ಹಾಸಿಗೆ ಇತ್ತು. ಆಕೆ ಇವನ ತಲೆ ಸವರಿ, ಕರೆಯದೇನೇ ಬಂದು ರಿಪೇರಿ ಮಾಡೋರು ಈ ಕಾಲದಲ್ಲಿ ಯಾರಿದ್ದಾರೆ ಎಂದಳು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೀಗೆ ಎರಡು ವಾರದಲ್ಲಿ ಹನ್ನೊಂದು ಮನೆ ಮುಗಿದವು.

ಅಕ್ಕನ ಮನೆಯೊಂದು ಉಳಿಯಿತು. ಮೊದಲು ಹೋಗಬೇಕಾದದ್ದೇ ಅಲ್ಲಿಗೆ, ಅದು ಅವನಿಗೆ ಗೊತ್ತಿತ್ತು. ಇಸ್ತ್ರಿಯವನನ್ನು ಕರೆದುಕೊಂಡು ಹೋದರೆ ಅಕ್ಕ ಮಂಡಿ ನೋವಿನ ಕಥೆಯನ್ನು ನಂಬುವವಳಲ್ಲ. ನೀನ್ಯಾಕೆ ಕೂರಲ್ಲ ಪುಟ್ಟಾ ಎಂದು ಒಂದೇ ಸಲ ಕೇಳುವಳು, ಭೂತಗಾಜನ್ನು ಕಣ್ಣಿನಿಂದ ತೆಗೆದು ನೋಡುವಳು, ಆಮೇಲೆ ಅಂಗಿ ಎತ್ತಿ ಬೆಲ್ಟು ನೋಡುವಳು. ಹಲಗೆ ಸೋತಿದೆ ಎನ್ನಬೇಕಾದರೆ ತಾನು ಸೋತೆ ಎನ್ನಬೇಕು. ಹದಿನಾರನೆಯ ವಯಸ್ಸಿನಲ್ಲಿ ಮೊಳೆ ಕಾಯಿಸಿದ ಆ ಕೈಗೆ ಮತ್ತೆ ಅದನ್ನೇ ತೋರಿಸುವುದು ಹೇಗೆ. ಬೆಲ್ಟಿಗೆ ಆಗಲೇ ನಾಲ್ಕನೆಯ ತೂತು ಬಿದ್ದಿತ್ತು.

ಅವಳ ಹಲಗೆಯ ಮೇಲೆ ಇರುವುದು ಮೂರೇ ಯಂತ್ರ, ಮೂವತ್ತಾರು ಕೆಜಿ, ಏನೂ ಆಗುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡ ಸಂಜೆಯೇ ಅಕ್ಕನ ಫೋನು ಬಂತು.

"ಪುಟ್ಟಾ, ಒಂದು ಒಳ್ಳೇ ಸುದ್ದಿ. ಮುಚ್ಚಿಹೋದ ಗಾರ್ಮೆಂಟ್ಸಿನವರು ನಾಲ್ಕು ಯಂತ್ರ ಒಟ್ಟಿಗೆ ಕೊಟ್ಟಿದ್ದಾರೆ. ಈಗ ಏಳಾಯ್ತು. ನಿನ್ನ ಹಲಗೆ ಮೇಲೆ ಸಾಲಾಗಿ ಕೂತಿವೆ ನೋಡು, ಶಾಲೆ ಮಕ್ಕಳ ಥರ."

ಇಳಿಸಿಬಿಡು ಅಕ್ಕಾ ಎಂಬ ಮಾತು ಗಂಟಲವರೆಗೆ ಬಂದಿತ್ತು. ಇಳಿಸು ಎಂದರೆ ಯಾಕೆ ಎನ್ನುವಳು.

"ಮಗು ಎಲ್ಲಿದೆ?" ಎಂದು ಕೇಳಿದ.

"ಇನ್ನೆಲ್ಲಿ, ಅವಳ ಮನೇಲಿ. ಊಟಾನೂ ಅಲ್ಲೇ, ನಿದ್ದೇನೂ ಅಲ್ಲೇ. ನೀನು ಕಟ್ಟಿಕೊಟ್ಟ ಮನೆ ಬಿಟ್ಟು ಬರಲ್ಲ ಅಂತಾಳೆ."

"ಭಾನುವಾರ ಬರ್ತೀನಿ ಅಕ್ಕಾ. ಒಂದು ಸಣ್ಣ ಪಟ್ಟಿ ಹೊಡೀಬೇಕು ಅದಕ್ಕೆ. ಅಲ್ಲೀವರೆಗೆ ಮಗೂನ ಹೊರಗೆ ಆಡಿಸು."

"ಪಟ್ಟಿ ಯಾಕೋ? ನೀನು ಕೂತ ಹಲಗೆ ಅದು" ಎಂದು ಅಕ್ಕ ನಕ್ಕು ಫೋನಿಟ್ಟಳು.

ಅದು ಸೋಮವಾರ. ಇಲ್ಲಿ ಅವನನ್ನು ಬಯ್ಯಬೇಕು ಅನ್ನಿಸಿದರೆ ಬಯ್ಯಬಹುದು. ಅವನೂ ಆ ನಾಲ್ಕು ದಿನ ಬೇರೇನೂ ಮಾಡಲಿಲ್ಲ, ತನ್ನನ್ನೇ ಬಯ್ದುಕೊಂಡ. ಆದರೂ ಹೋಗಲಿಲ್ಲ. ಭಾನುವಾರ ಎಂದರೆ ಆರು ದಿನ, ಶೆಡ್ಡಿನ ಹಲಗೆ ಹದಿನೆಂಟು ದಿನದಿಂದ ನಿಂತಿದೆ ಎಂದು ಲೆಕ್ಕ ಹಾಕಿದ. ಅಕ್ಕನ ಹಲಗೆ ಐದು ತಿಂಗಳಿಂದ ಬಾಗುತ್ತ ಬಂದಿದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅವನು ಶೆಡ್ಡಿನ ಬಾಗಿಲಲ್ಲಿ ಕೂತು ಮರ ಹೆರೆಯುವ ರಂದಾದ ಅಲಗು ಮಸೆಯುತ್ತಿದ್ದ. ಹಿಂದಿನಿಂದ ಒಂದು ಸಣ್ಣ ಟಿಕ್ ಎಂಬ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಹಲಗೆಯ ಎಡತುದಿ ಕಳಚಿ, ಅಷ್ಟೂ ಮರಳು ಒಂದೇ ಏಟಿಗೆ ನೆಲಕ್ಕಪ್ಪಳಿಸಿತು. ಧೂಳು ಅವನ ಎದೆಯೆತ್ತರಕ್ಕೆ ಎದ್ದಿತು. ಬಾಗುವುದಕ್ಕೆ ಮೂರು ವಾರ ತೆಗೆದುಕೊಂಡದ್ದು ಬೀಳುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತನ್ನೂ ತೆಗೆದುಕೊಳ್ಳಲಿಲ್ಲ.

ಅವನು ಓಡಿದ. ಎಂಟು ಜೇಬಿನ ಅಂಗಿ ಮೊಳೆಯ ಮೇಲೆಯೇ ಉಳಿಯಿತು. ಮೊದಲ ಬೀದಿ ಮುಗಿಯುವುದರೊಳಗೆ ಉಸಿರು ಕಿತ್ತು ಬಂತು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಓಡಿದ. ಇಸ್ತ್ರಿಯವನು, "ಎಂಬತ್ತೆರಡು, ಎಲ್ಲಿಗೆ?" ಎಂದು ಕೂಗಿದ. ಆ ಹೆಸರು ಅವನ ಬೆನ್ನಿಗೆ ಕಲ್ಲಿನಂತೆ ಬಡಿಯಿತು.

ಅಕ್ಕ ಕಿಟಕಿಯ ಬಳಿ ಒಂದು ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ತಲೆ ಎತ್ತದೆ, "ಯಾರು?" ಎಂದಳು. ಅವನ ಕಣ್ಣು ಕಪಾಟಿನ ಮೇಲಿತ್ತು. ಹಲಗೆಯ ನಡು ನಾಲ್ಕು ಬೆರಳಿನಷ್ಟು ಇಳಿದಿತ್ತು, ಆರು ಯಂತ್ರಗಳು ಒಂದಕ್ಕೊಂದು ವಾಲಿಕೊಂಡು ನಿಂತಿದ್ದವು. ಕೆಳಗೆ ದಿಂಬಿನ ಮೇಲೆ ಮಗು ಕೂತಿತ್ತು, ಬೊಂಬೆಗೆ ತಲೆ ಬಾಚುತ್ತ. ಮಗುವಿನ ಕೂದಲ ಮೇಲೆ ಬಿಳಿಯ ಪುಡಿ ಬಿದ್ದಿತ್ತು.

"ಅಜ್ಜ, ನನ್ನ ಮನೇಲಿ ಹಿಟ್ಟು ಉದುರುತ್ತೆ" ಎಂದಿತು ಮಗು. "ದಿನಾ ಉದುರುತ್ತೆ."

ಸ್ಕ್ರೂ ಮರವನ್ನು ತಿನ್ನುವಾಗ ಉದುರುವ ಪುಡಿ ಅದು. "ಬಾ ಕಂದಾ, ಈಚೆ ಬಾ" ಎಂದ, ಕೂಗಿದರೆ ಹಲಗೆ ಬೀಳುವುದೇನೋ ಎಂಬಂತೆ ಮೆಲ್ಲಗೆ.

"ಬಾಗಿಲು ತಟ್ಟಿ ಒಳಗೆ ಬಾ. ನೀನು ನೆಂಟ."

ಅವನು ಮಂಡಿಯೂರಿದ. ಎರಡು ಬೆರಳಿನಿಂದ ಗಾಳಿಯಲ್ಲಿ ತಟ್ಟಿದ. ತಲೆ ಬಗ್ಗಿಸಿ ಒಳಗೆ ತೂರಿ, ಎರಡೂ ಕೈಯನ್ನು ಮಗುವಿನ ಆಚೀಚೆ ಊರಿ, ಬೆನ್ನೆತ್ತಿ ಹಲಗೆಗೆ ಆನಿಸಿದ. ಆನಿಸಿದ್ದೇ ತಡ, ಕಿವಿಯ ಪಕ್ಕದಲ್ಲೇ ಅದೇ ಟಿಕ್ ಸದ್ದು ಕೇಳಿಸಿತು.

ಇಪ್ಪತ್ತೆರಡು ವರ್ಷ ಅವನು ಹಲಗೆಯ ಮೇಲೆ ಕೂತಿದ್ದ. ಈಗ ಹಲಗೆ ಅವನ ಮೇಲೆ ಕೂತಿತು.

"ಅಕ್ಕಾ" ಎಂದ. ದನಿ ಅವನದೇ ಎಂದು ಅವನಿಗೇ ಗೊತ್ತಾಗಲಿಲ್ಲ. "ಮಗೂನ ಎಳಕೋ. ಕಾಲು ಹಿಡಿದು ಎಳಕೋ."

ಅಕ್ಕ ಬಂದು ಬಗ್ಗಿ, ಅವನ ತೋಳಿನ ಸಂದಿನಿಂದ ಮಗುವನ್ನು ಬೊಂಬೆ ಸಮೇತ ಹೊರಗೆಳೆದಳು. ಮಗು ತನ್ನ ತಟ್ಟೆ ಒಳಗೇ ಉಳಿಯಿತೆಂದು ಅಳತೊಡಗಿತು. ಅಕ್ಕ ಎದ್ದು ಮೊದಲ ಯಂತ್ರವನ್ನು ಎತ್ತಿ ನೆಲಕ್ಕಿಟ್ಟಳು. ಎರಡನೆಯದನ್ನು ಇಟ್ಟಳು. ಬಡಗಿಯ ಹಣೆಯ ಬೆವರು ದಿಂಬಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮೂರನೆಯದು ಒಳಗೆ ಸರಿದಿತ್ತು. ಅದಕ್ಕೆ ಕೈ ಚಾಚುವಾಗ ಅಕ್ಕ ಆಸರೆಗೆಂದು ಇನ್ನೊಂದು ಕೈಯನ್ನು ಹಲಗೆಯಿಂದ ಈಚೆ ಚಾಚಿದ್ದ ಅವನ ಬೆನ್ನಿನ ಮೇಲಿಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು. ತೆಳ್ಳಗಿನ ಬನಿಯನ್ನಿನ ಅಡಿಯಲ್ಲಿ ಅವಳ ಬೆರಳು ಒಂದೊಂದೇ ಮೂಳೆಯನ್ನು ಮುಟ್ಟಿತು. ಎಷ್ಟು ಹೊತ್ತೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಮೂರನೆಯ ಯಂತ್ರ ಇಳಿಯಿತು, ನಾಲ್ಕು, ಐದು, ಆರು. ಹಲಗೆ ಹಗುರಾಯಿತು. ಅವನು ಹಿಂದಕ್ಕೆ ಜಾರಿ ನೆಲದ ಮೇಲೆ ಕೂತ. ಖಾಲಿ ಹಲಗೆ ಒಂದು ತುದಿಯಿಂದ ಕಳಚಿ ದಿಂಬಿನ ಮೇಲೆ ಬಿತ್ತು, ಮಗು ಕೂತಿದ್ದ ಜಾಗಕ್ಕೆ ಸರಿಯಾಗಿ.

ಅಕ್ಕ ಆ ದಿಂಬನ್ನು ನೋಡುತ್ತ ನಿಂತಳು.

"ನಿಂಗೆ ಯಾವಾಗಿಂದ ಗೊತ್ತು?" ಎಂದಳು.

"ಮೂರು ವಾರ."

"ಮೂರು ವಾರದಿಂದ ಇವಳು ದಿನಾ ಅದರೊಳಗೆ ಮಲಗಿದ್ದಾಳೆ."

ಅಕ್ಕ ಬಯ್ದಿದ್ದರೆ, ಎರಡು ಬಾರಿಸಿದ್ದರೆ ಸಹ ಅವನಿಗೆ ಸಮಾಧಾನವಾಗುತ್ತಿತ್ತು. ಮಗು ಕಣ್ಣೊರೆಸಿಕೊಂಡು ಅವನ ಹತ್ತಿರ ಬಂದು, ಮುರಿದ ಮನೆಯನ್ನೂ ಅವನನ್ನೂ ನೋಡಿತು.

"ನೀನು ಕೂತಾಗ ಬೀಳಲಿಲ್ವಲ್ಲ ಅಜ್ಜ."

"ಇಲ್ಲ ಕಂದಾ" ಎಂದ. "ನಾನು ಪೂರ್ತಿ ಕೂತಿರಲಿಲ್ಲ."

ಅಕ್ಕ ಕನ್ನಡಕದ ಮೇಲಿನ ಭೂತಗಾಜನ್ನು ತೆಗೆದು ಮೇಜಿನ ಮೇಲಿಟ್ಟಳು. ಬಂದು ಅವನ ಎದುರಿಗೆ ನೆಲದ ಮೇಲೆ ಕೂತಳು. ಬನಿಯನ್ನಿನ ಅಂಚನ್ನು ಪಕ್ಕಕ್ಕೆ ಸರಿಸಿ, ಬೆಲ್ಟಿನ ತುದಿಯನ್ನು ಹಿಡಿದುಕೊಂಡು, ದಬ್ಬಣದ ತೂತುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದಳು. ಅವಳ ಕೈಗೆ ಎಣ್ಣೆಯ ವಾಸನೆಯಿತ್ತು, ಅವನು ಚಿಕ್ಕವನಿದ್ದಾಗ ಇದ್ದ ಅದೇ ವಾಸನೆ. ಅವನಿಗೆ ಅಳು ಬಂತು, ತಡೆಯಲಿಲ್ಲ.

"ನಾಲ್ಕು" ಎಂದಳು ಅಕ್ಕ. "ಅಪ್ಪಂಗೆ ಐದಿತ್ತು. ಇನ್ನೂ ಒಂದು ಬಾಕಿ ಇದೆ ಪುಟ್ಟಾ. ಏಳು, ಡಾಕ್ಟರ ಹತ್ರ ಹೋಗೋಣ."